ಬೇರಿಗೆ ದಾರಿ ಹೇಳುವವರು ಯಾರು?

2025ರ ಜೂನ್ ಕೊನೆಯ ವಾರ. ಆರಿದ್ರಾ ಮಳೆ ಬಿಡದೆ ಹಿಡಿದಿತ್ತು. ರಾಜ್ಯದಲ್ಲಿ ಅತಿ ಹೆಚ್ಚು ಮಳೆ ಬೀಳುವ ಊರುಗಳಲ್ಲೊಂದಾದ ಹುಲಿಕಲ್ ಇರುವುದು ನಮ್ಮ ಹೊಸನಗರ ತಾಲ್ಲೂಕಿನಲ್ಲೇ. ಮಳೆಗಾಲದಲ್ಲಿ ಮಕ್ಕಳಿಗೆ ಜಗಲಿಯೇ ಆಟದ ಬಯಲು. ಅಲ್ಲಿ ಪೇಪರ್ ಓದುತ್ತಿದ್ದ ಮಗ ಅಡುಗೆಮನೆಗೆ ಓಡಿಬಂದ.

“ಅಮ್ಮಾ, ಶುಭಾಂಶು ಶುಕ್ಲಾ ಬಾಹ್ಯಾಕಾಶಕ್ಕೆ ಮೆಂತೆ, ಹೆಸರುಕಾಳು ತಗೊಂಡು ಹೋಗಿದಾರಂತೆ! ಅಲ್ಲಿ ಮೊಳಕೆ ಬಂದ್ರೆ ಬೇರು ಯಾವ ಕಡೆ ಹೋಗತ್ತೆ?”

ಒಲೆಯ ಮೇಲೆ ಹಾಲಿತ್ತು. “ಮೊದಲು ಹೋಗಿ ಲೆಕ್ಕ ಮಾಡು” ಎಂದು ಗದರಿಬಿಟ್ಟೆ. ಅವನು ಸುಮ್ಮನೆ ಹೋದ. ಎರಡು ದಿನ ಕಳೆದರೂ ಮತ್ತೆ ಕೇಳಲಿಲ್ಲ. ಆಗ ನನಗೆ ಕಸಿವಿಸಿಯಾಯಿತು. ನಿಜ ಹೇಳಬೇಕೆಂದರೆ ಉತ್ತರ ನನಗೂ ಗೊತ್ತಿರಲಿಲ್ಲ.

ಆ ಸಂಜೆ ನಾನೇ ಅವನ ಪಕ್ಕ ಕೂತು ಪೇಪರ್ ಬಿಡಿಸಿದೆ. ಆ ಕಾಳುಗಳ ಪ್ರಯೋಗ ರೂಪಿಸಿದವರು ನಮ್ಮ ಧಾರವಾಡದವರೇ! ಕೃಷಿ ವಿಶ್ವವಿದ್ಯಾಲಯದ ರವಿಕುಮಾರ ಹೊಸಮನಿ ಮತ್ತು ಐಐಟಿಯ ಸುಧೀರ್ ಸಿದ್ದಾಪುರೆಡ್ಡಿ. ಭೂಮಿಯಿಂದ ಸುಮಾರು 400 ಕಿ.ಮೀ. ಎತ್ತರದ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಕಾಳಿಗೆ ನೀರುಣಿಸಿ ಮೊಳಕೆ ಬರಿಸುವುದು, ಅದನ್ನು ಶೀತಲಪೆಟ್ಟಿಗೆಯಲ್ಲಿಟ್ಟು ಭೂಮಿಗೆ ತರುವುದು, ಪೋಷಕಾಂಶಗಳಲ್ಲಿ ಏನಾದರೂ ಬದಲಾಗಿದೆಯೇ ಎಂದು ನೋಡುವುದು ಅವರ ಯೋಜನೆ.

“ಮೆಂತೆ ಮೊಳಕೆ ಬರಿಸೋಕೆ ಅಷ್ಟು ಮೇಲೆ ಹೋಗಬೇಕಾ? ಒಂದು ಒದ್ದೆ ಬಟ್ಟೆ ಸಾಕು” ಎಂದು ನಮ್ಮ ಅತ್ತೆ ನಕ್ಕರು. ನಕ್ಕವರೇ ಎದ್ದುಹೋಗಿ ಬಿತ್ತನೆಗೆಂದು ಎತ್ತಿಟ್ಟಿದ್ದ ಅಲಸಂದೆಯಲ್ಲಿ ನಾಲ್ಕು ಬೀಜ ತಂದು ಮೊಮ್ಮಗನ ಕೈಗಿಟ್ಟರು.

ನಾವು ಮಾಡಿದ್ದನ್ನು ನೀವೂ ಮಾಡಿ ನೋಡಿ. ಒಂದು ಗಾಜಿನ ಬಾಟಲಿಯೊಳಗೆ ಒದ್ದೆ ಕಾಗದವನ್ನು ದಪ್ಪಗೆ ಸುತ್ತಿಡಿ. ಕಾಗದಕ್ಕೂ ಗಾಜಿಗೂ ನಡುವೆ ಬೀಜ ಸಿಕ್ಕಿಸಿ. ಕಾಗದ ಒಣಗದಿರಲಿ, ಬಾಟಲಿಯಲ್ಲಿ ನೀರು ನಿಲ್ಲದಿರಲಿ. ಮೂರು-ನಾಲ್ಕು ದಿನಕ್ಕೆ ಬೇರು ಕೆಳಮುಖವಾಗಿ ಇಳಿಯುತ್ತದೆ. ಅದು ಅರ್ಧ ಬೆರಳುದ್ದವಾದಾಗ ಮುಚ್ಚಳ ಹಾಕಿ ಬಾಟಲಿಯನ್ನು ತಲೆಕೆಳಗು ಮಾಡಿ. ಒಂದೆರಡು ದಿನದಲ್ಲಿ ಬೇರಿನ ತುದಿ ಬಾಗಿ ಮತ್ತೆ ನೆಲದ ಕಡೆಗೇ ತಿರುಗಿರುತ್ತದೆ!

ಬೇರಿನ ತುದಿಯ ಜೀವಕೋಶಗಳಲ್ಲಿ ಪಿಷ್ಟದ ಸಣ್ಣ ಕಣಗಳಿವೆ. ಗುರುತ್ವದಿಂದ ಅವು ತಳಕ್ಕೆ ಕೂರುತ್ತವೆ. ‘ಕೆಳಗೆ’ ಯಾವುದೆಂದು ಬೇರಿಗೆ ತಿಳಿಯುವುದು ಹಾಗೆ. ಬಾಹ್ಯಾಕಾಶ ನಿಲ್ದಾಣದಲ್ಲಿ ಆ ಕಣಗಳು ಒಂದೆಡೆ ಕೂರುವುದಿಲ್ಲ. ಅಲ್ಲಿ ಬೆಳಕೇ ಗಿಡಕ್ಕೆ ದಾರಿ ತೋರಿಸಬೇಕು. ನೀರೂ ಕೆಳಗೆ ಇಳಿಯದೆ ಬೇರಿಗೆ ಮುದ್ದೆಯಾಗಿ ಅಂಟಿಕೊಳ್ಳುತ್ತದೆ. ಆಗ ಬೇರಿಗೆ ಉಸಿರುಕಟ್ಟುತ್ತದೆ. “ಅತಿಮಳೆಗೆ ನಮ್ಮ ಶುಂಠಿ ಕೊಳೆಯೋ ಹಾಗೆ” ಎಂದರು ಅತ್ತೆ. ಈ ಸಲ ಅವರು ನಗಲಿಲ್ಲ.

ನಮ್ಮ ಬಾಟಲಿಯ ಅಲಸಂದೆಗೂ ಆಕಾಶದ ನಂಟಿದೆ. 2024ರ ಡಿಸೆಂಬರ್ 30ರಂದು ಇಸ್ರೋ ಹಾರಿಸಿದ ಪಿಎಸ್‌ಎಲ್‌ವಿ-ಸಿ60 ರಾಕೆಟ್ಟಿನ ಕೊನೆಯ ಹಂತದಲ್ಲಿ, ಪುಟ್ಟ ಪೆಟ್ಟಿಗೆಯೊಂದರಲ್ಲಿ 8 ಅಲಸಂದೆ ಬೀಜಗಳಿದ್ದವು. ನಾಲ್ಕೇ ದಿನದಲ್ಲಿ ಮೊಳೆತವು, ಬಳಿಕ ಎಲೆಯನ್ನೂ ಬಿಟ್ಟವು. ಅದಕ್ಕೂ ಮೊದಲು, 2015ರ ಆಗಸ್ಟ್‌ನಲ್ಲಿ, ಗಗನಯಾತ್ರಿಗಳು ನಿಲ್ದಾಣದಲ್ಲೇ ಬೆಳೆದ ಕೆಂಪು ಲೆಟಿಸ್ ಸೊಪ್ಪು ತಿಂದಿದ್ದರು. ಮಂಗಳನತ್ತ ಹೊರಟರೆ ಪ್ರಯಾಣಕ್ಕೇ ತಿಂಗಳುಗಟ್ಟಲೆ ಬೇಕು. ಅಷ್ಟೂ ದಿನ ಡಬ್ಬಿಯ ಊಟವನ್ನೇ ನಂಬಿ ಕೂರಲಾಗದು.

ಮೊನ್ನೆ ಮಗ ಮತ್ತೆ ಅಡುಗೆಮನೆಗೆ ಬಂದ. “ಅಮ್ಮಾ, ಬಾಟಲೀನ ಗಂಟೆಗೊಂದ್ಸಲ ತಿರುಗಿಸ್ತಾನೇ ಇದ್ರೆ ಬೇರು ಏನ್ ಮಾಡತ್ತೆ?”

ಗುರುತ್ವದ ಪ್ರಭಾವ ತಿಳಿಯಲು ಭೂಮಿಯ ಮೇಲಿನ ವಿಜ್ಞಾನಿಗಳೂ ಗಿಡವನ್ನು ಯಂತ್ರದಲ್ಲಿ ನಿಧಾನಕ್ಕೆ ಸುತ್ತಿಸುತ್ತಾರೆಂದು ನಾನು ಓದಿದ್ದು ಆಮೇಲೆ. ಆ ಹೊತ್ತಿಗೆ ಹೇಳಿದ್ದು ಇಷ್ಟೇ: “ನಂಗೂ ಗೊತ್ತಿಲ್ಲ ಕಣೋ. ತಡಿ, ಹಾಲು ಇಳಿಸಿ ಬರ್ತೀನಿ.”