ಪಹಣಿ ಇದ್ದವರ ಲೆಕ್ಕ, ಇಲ್ಲದವರ ಲೆಕ್ಕ

ನಮ್ಮ ಹಾಸ್ಟೆಲ್ಲಿನ ಚರ್ಚೆಗಳಲ್ಲಿ ಒಂದು ಮಾತು ತಪ್ಪದೇ ಬರುತ್ತದೆ: "ಈಗ ಕೂಲಿ ಎಲ್ಲಾರಿಗೂ ಒಂದೇ ಐತಿ, ರೇಷನ್ ಐತಿ, ಸಾಲಿ ಐತಿ. ಇನ್ನ ಜಾತಿಗೂ ದುಡ್ಡಿಗೂ ಏನ ಸಂಬಂಧ?" ಕೇಳಿದರೆ ಹೌದಲ್ಲ ಅನ್ನಿಸುತ್ತದೆ. ಆದರೆ ಈ ಮಾತಿನಲ್ಲಿ ಆದಾಯ ಮತ್ತು ಆಸ್ತಿ ಎರಡೂ ಕಲಸಿ ಹೋಗಿವೆ. ಈ ಸಲದ ಸಂಚಿಕೆಗೆ ಅವೆರಡನ್ನು ಬಿಡಿಸಿ ನೋಡೋಣ, ಜೊತೆಗೆ ಅಂತರ ಕಡಿಮೆ ಮಾಡೋಕೆ ಅಂತ ಊರಿನ ಸಂಘಗಳಿಗೆ ಬರುವ ಅನುದಾನದ ದುಡ್ಡು ಹೇಗೆ ಕೆಲಸ ಮಾಡುತ್ತದೆ ಅನ್ನೋದನ್ನೂ ತಿಳಿಯೋಣ ಅಂತ ಹೊರಟೆವು. ನಮ್ಮ ಬಳಗದಲ್ಲಿ ಮುದ್ದೇಬಿಹಾಳ ತಾಲೂಕಿನ ನಾಲತವಾಡದ ಕಡೆಯವರು ಇರೋದರಿಂದ ಉದಾಹರಣೆಗಳು ಅತ್ತ ಕಡೆಯವೇ ಹೆಚ್ಚು.

ಮೊದಲು ಲೆಕ್ಕ. ಡಿಫರೆನ್ಷಿಯಲ್ ಸಮೀಕರಣ ಬಿಡಿಸುವಾಗ ಆರಂಭದ ಬೆಲೆ ಕೊಡದಿದ್ದರೆ ಉತ್ತರ ಬರೋದಿಲ್ಲ ಅಂತ ನಮಗೆಲ್ಲ ಗೊತ್ತು. ಸಮೀಕರಣ ಒಂದೇ ಇದ್ದರೂ ಶುರುವಾದ ಜಾಗ ಬೇರೆಯಾದರೆ ಗೆರೆಗಳು ದೂರ ದೂರ ಹೋಗುತ್ತವೆ. ಎರಡು ಮನೆಗಳನ್ನು ಇಟ್ಟುಕೊಳ್ಳಿ. ಎರಡೂ ಮನೆಯವರು ವರ್ಷಕ್ಕೆ 20 ಸಾವಿರ ಉಳಿಸುತ್ತಾರೆ, ಎರಡೂ ಕಡೆ ಹಣ ವರ್ಷಕ್ಕೆ ನೂರಕ್ಕೆ 8ರಂತೆ ಬೆಳೆಯುತ್ತದೆ. ವ್ಯತ್ಯಾಸ ಒಂದೇ: ಮೊದಲ ಮನೆಗೆ ಅಜ್ಜನ ಕಾಲದ 10 ಲಕ್ಷ ಬೆಲೆಯ ಹೊಲ ಇದೆ, ಎರಡನೆಯದಕ್ಕೆ ಇಲ್ಲ. 25 ವರ್ಷ ಬಿಟ್ಟು ನೋಡಿದರೆ ಮೊದಲ ಮನೆಯ ಬಳಿ ಸುಮಾರು 83 ಲಕ್ಷ, ಎರಡನೆಯದರ ಬಳಿ ಸುಮಾರು ಹದಿನಾಲ್ಕೂವರೆ ಲಕ್ಷ. ಯಾರೂ ಸೋಮಾರಿಗಳಲ್ಲ, ಯಾರೂ ದುಂದು ಮಾಡಿಲ್ಲ. 10 ಲಕ್ಷ ಇದ್ದ ಅಂತರ ತಾನೇ ತಾನಾಗಿ 68 ಲಕ್ಷ ದಾಟಿದೆ.

ಇದು ಶುರುವಿನಲ್ಲಿ ಸೊನ್ನೆ ಇದ್ದವರ ಕಥೆ. ಸೊನ್ನೆಗಿಂತ ಕೆಳಗೆ ಇದ್ದವರದು ಇನ್ನೂ ಬೇರೆ. ಮಗಳ ಮದುವೆಗೋ ದವಾಖಾನೆ ಖರ್ಚಿಗೋ 50 ಸಾವಿರ ಕೈಗಡ ತಂದಿದ್ದಾರೆ, ಬಡ್ಡಿ ತಿಂಗಳಿಗೆ ನೂರಕ್ಕೆ ಮೂರು ಅಂತಿಟ್ಟುಕೊಳ್ಳೋಣ. ವರ್ಷಕ್ಕೆ 18 ಸಾವಿರ ಬಡ್ಡಿಗೇ ಹೋಯಿತು. ಉಳಿಸಿದ 20 ಸಾವಿರದಲ್ಲಿ ಕೈಯಲ್ಲಿ ನಿಂತದ್ದು ಎರಡು ಸಾವಿರ. ಅಸಲು ಹಾಗೇ ಕೂತಿದೆ. ಅದೇ ಸಾಲ ತಿಂಗಳಿಗೆ ನೂರಕ್ಕೆ ಒಂದರಂತೆ ಸಿಕ್ಕಿದ್ದರೆ ಬಡ್ಡಿ ಆರು ಸಾವಿರ, ಉಳಿದ 12 ಸಾವಿರದಲ್ಲಿ ಅಸಲು ಕರಗುತ್ತಿತ್ತು. ಈ 12 ಸಾವಿರವನ್ನು ನೆನಪಿಟ್ಟುಕೊಳ್ಳಿ, ಸಂಘದ ವಿಚಾರ ಬಂದಾಗ ಬೇಕಾಗುತ್ತದೆ.

ಈಗ ನಾಲತವಾಡಕ್ಕೆ ಬರೋಣ. ಶರಣ ವೀರೇಶ್ವರರ ಊರು ಅಂದರೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಬಿಳಿಜೋಳ, ತೊಗರಿಯ ನೆಲ. ಬಳಿಯಲ್ಲೇ ಕೃಷ್ಣೆಗೆ ಅಡ್ಡಲಾಗಿ ನಾರಾಯಣಪುರದ ಬಸವಸಾಗರ, ಅದರ ಮೇಲುಗಡೆ ಆಲಮಟ್ಟಿ. ಜಲಾಶಯದ ಸೀಮೆಯಲ್ಲಿ ಬೆಳೆದ ಮಕ್ಕಳಿಗೆ ಒಂದು ವಿಷಯ ಯಾರೂ ಹೇಳಿಕೊಡದೆ ತಿಳಿದಿರುತ್ತದೆ: ಪರಿಹಾರದ ಚೆಕ್ಕು ಪಹಣಿಯಲ್ಲಿರುವ ಹೆಸರನ್ನು ಹುಡುಕಿಕೊಂಡು ಬರುತ್ತದೆ. ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೇ ಹಂತದಲ್ಲಿ ಮುಳುಗುವ ಭೂಮಿಗೆ 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಂಪುಟ ಬೆಲೆ ಗೊತ್ತುಮಾಡಿತು. ನೀರಾವರಿ ಭೂಮಿಗೆ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ. ಹೊಲ ಕಳೆದುಕೊಳ್ಳುವವರ ಸಂಕಟ ಸಣ್ಣದಲ್ಲ, ಆ ಬೆಲೆ ಅವರಿಗೆ ಸಿಗಲೇಬೇಕು. ಆದರೆ ನಾಲ್ಕು ಎಕರೆ ಒಣಭೂಮಿ ಇದ್ದ ಮನೆಗೆ 1 ಕೋಟಿ 20 ಲಕ್ಷ ಬರುವಾಗ, ಅದೇ ಹೊಲದಾಗ ಮೂವತ್ತು ವರ್ಷ ಕಳೆ ತೆಗೆದ ಮನೆಗೆ ಆ ಎಕರೆ ಲೆಕ್ಕದಲ್ಲಿ ಪಾಲಿಲ್ಲ. ಪುನರ್ವಸತಿ ನೆರವು ಅನ್ನೋದು ಬೇರೆ, ಅದು ಬದುಕು ಕಟ್ಟಿಕೊಳ್ಳೋಕೆ ಕೊಡೋದು. ಕೂಲಿ ದರ ಇಬ್ಬರಿಗೂ ಒಂದೇ ಇದ್ದರೂ ಒಂದು ದಿನದಲ್ಲಿ ಅಂತರ ಕೋಟಿ ದಾಟಿತು.

ಹಾಗಾದರೆ ಪಹಣಿಯಲ್ಲಿ ಯಾರ ಹೆಸರು ಇದೆ, ಯಾರದು ಇಲ್ಲ? ಇಲ್ಲೇ ಜಾತಿ ಬರೋದು. 2018ರಲ್ಲಿ ಹೊರಬಂದ ಒಂದು ಅಧ್ಯಯನ ಇದೆ. ಪುಣೆಯ ಸಾವಿತ್ರಿಬಾಯಿ ಫುಲೆ ವಿಶ್ವವಿದ್ಯಾಲಯ, ದೆಹಲಿಯ ಜೆಎನ್‌ಯು ಮತ್ತು ದಲಿತ ಅಧ್ಯಯನದ ಒಂದು ಸಂಸ್ಥೆಯ ಸಂಶೋಧಕರು ಸೇರಿ ಸರ್ಕಾರದ್ದೇ ಸಮೀಕ್ಷೆಯ ಅಂಕಿಗಳನ್ನು ಇಟ್ಟುಕೊಂಡು ಮಾಡಿದ್ದು. ದೇಶದ ಜನರಲ್ಲಿ ಶೇ. 22ರಷ್ಟಿರುವ ಹಿಂದೂ ಮೇಲ್ಜಾತಿಗಳ ಬಳಿ ಒಟ್ಟು ಆಸ್ತಿಯ ಶೇ. 41 ಇದೆ, ಪರಿಶಿಷ್ಟ ಜಾತಿಗಳ ಬಳಿ ಶೇ. 8ಕ್ಕೂ ಕಡಿಮೆ ಅಂತ ಅದು ಹೇಳುತ್ತದೆ. ನಮ್ಮ ರಾಜ್ಯದಲ್ಲಿ 1974ರ ಭೂ ಸುಧಾರಣೆ ದೊಡ್ಡ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಆದರೆ ಏಳನೇ ನಮೂನೆ ಅರ್ಜಿ ಹಾಕಿ ಹೊಲ ಪಡೆಯೋಕೆ ಗೇಣಿದಾರ ಆಗಿರಬೇಕಿತ್ತು. ಗೇಣಿ ಮಾಡೋಕೂ ಎತ್ತು, ಬೀಜ, ಊರಿನ ನಂಬಿಕೆ ಬೇಕಿತ್ತು. ಬರೀ ಕೂಲಿ ಮಾಡುತ್ತಿದ್ದ ಕೇರಿಯ ಹೆಚ್ಚಿನ ಮನೆಗಳು ಆ ಸಾಲಿನಲ್ಲಿ ನಿಲ್ಲಲೇ ಇಲ್ಲ. ಸರ್ಕಾರ ಮಂಜೂರು ಮಾಡಿದ ಚೂರುಪಾರು ನೆಲವೂ ಸಾಲಕ್ಕೆ, ಕಷ್ಟಕ್ಕೆ ಕೈಬಿಟ್ಟು ಹೋಗುತ್ತಿತ್ತು. ಅದನ್ನು ತಡೆಯೋಕೆ 1978ರಲ್ಲಿ ಪಿಟಿಸಿಎಲ್ ಕಾಯ್ದೆಯನ್ನೇ ತರಬೇಕಾಯಿತು.

ಅಮೆರಿಕದಲ್ಲಿ ಇದೇ ಪ್ರಶ್ನೆ ಜನಾಂಗದ ಹೆಸರಿನಲ್ಲಿ ಬರುತ್ತದೆ. ಅಲ್ಲಿನ ಫೆಡರಲ್ ರಿಸರ್ವ್ 2022ರಲ್ಲಿ ಮಾಡಿದ ಸಮೀಕ್ಷೆಯ ಪ್ರಕಾರ ನಡುಮಟ್ಟದ ಬಿಳಿಯರ ಕುಟುಂಬದ ಆಸ್ತಿ 2 ಲಕ್ಷ 85 ಸಾವಿರ ಡಾಲರ್, ಕಪ್ಪು ಜನರ ಕುಟುಂಬದ್ದು ಸುಮಾರು 45 ಸಾವಿರ. ಸಂಬಳದ ಅಂತರ ಇಷ್ಟು ದೊಡ್ಡದಲ್ಲ. ಅಲ್ಲಿ ಇದಕ್ಕೆ ಕೈಹಾಕಿರುವವರಲ್ಲಿ ಸಮುದಾಯ ಪ್ರತಿಷ್ಠಾನಗಳೂ ಇವೆ. ಒಂದು ಊರಿನ ಜನ ಬಿಟ್ಟುಕೊಟ್ಟ ಹಣವನ್ನೆಲ್ಲ ಒಂದು ಗಂಟಾಗಿ ಇಟ್ಟು, ಅದರ ಹುಟ್ಟುವಳಿಯನ್ನು ಅದೇ ಊರಿನ ಸಂಘಗಳಿಗೆ ಅನುದಾನವಾಗಿ ಕೊಡುವ ವ್ಯವಸ್ಥೆ ಇದು. 1914ರಲ್ಲಿ ಕ್ಲೀವ್‌ಲ್ಯಾಂಡ್ ನಗರದಲ್ಲಿ ಮೊದಲನೆಯದು ಶುರುವಾಯಿತು.

ಈ ಬುದ್ಧಿ ಅಮೆರಿಕದಿಂದಲೇ ಬರಬೇಕಿತ್ತಾ? ಇಲ್ಲವಲ್ಲ. 1905ರಲ್ಲೇ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದರು. ನಮ್ಮದೇ ವಿಜಯಪುರದಲ್ಲಿ ವಚನಗಳನ್ನು ಉಳಿಸಿಕೊಟ್ಟ ಫ. ಗು. ಹಳಕಟ್ಟಿಯವರು 1912ರಲ್ಲಿ ಸಿದ್ಧೇಶ್ವರ ಬ್ಯಾಂಕ್ ಹುಟ್ಟುಹಾಕಿದರು. ಹತ್ತು ಕೈಗಳ ಹಣ ಸೇರಿದರೆ ಸಾಹುಕಾರನ ಬಾಗಿಲು ತಟ್ಟಬೇಕಿಲ್ಲ ಅನ್ನೋದು ಆಗಲೇ ಇಲ್ಲಿ ಪಾಠವಾಗಿತ್ತು. ತೊಡಕು ಎಲ್ಲಿ ಅಂದ್ರೆ, ಕೂಡಿಸೋಕೆ ಒಂದಿಷ್ಟಾದರೂ ಇದ್ದವರಿಗೆ ಈ ಹಾದಿ ಬೇಗ ಕೈಹಿಡಿಯಿತು. ಷೇರು ಹಣ, ಜಾಮೀನು, ಅಡವು ಏನೂ ಇಲ್ಲದವರು ಸದಸ್ಯರಾಗಲಿಕ್ಕೇ ಆಗಲಿಲ್ಲ. ಅಂಥವರಿಗೆ ಮೊದಲ ಹಿಡಿ ಬೀಜ ಹೊರಗಿನಿಂದ ಬರಬೇಕು, ಅದೂ ಸಾಲವಾಗಿ ಬರಬಾರದು. ಅನುದಾನ ಯಾಕೆ ಬೇಕು ಅನ್ನೋ ಪ್ರಶ್ನೆಗೆ ನಮ್ಮ ಉತ್ತರ ಇಷ್ಟೇ.

ಇದು ಕರ್ನಾಟಕದಲ್ಲಿ ನಡೆದು ತೋರಿಸಿದ ಸಂಗತಿ. ಮೈರಾಡ ಸಂಸ್ಥೆ 1968ರಲ್ಲಿ ಟಿಬೆಟ್ ನಿರಾಶ್ರಿತರ ಪುನರ್ವಸತಿಗೆ ಅಂತ ಶುರುವಾದದ್ದು. 80ರ ದಶಕದ ನಡುವಿನಲ್ಲಿ ಅವರು ಕೆಲಸ ಮಾಡುತ್ತಿದ್ದ ಕಡೆ ದೊಡ್ಡ ಸಹಕಾರ ಸಂಘಗಳು ಒಡೆದವು. ಮುಂದಾಳುಗಳ ಮೇಲೆ ನಂಬಿಕೆ ಹೋಗಿತ್ತು. ಸದಸ್ಯರು ಸಣ್ಣ ಸಣ್ಣ ಗುಂಪುಗಳಾಗಿ ಬಂದು, ತಮ್ಮ ಸಾಲವನ್ನು ಸಂಸ್ಥೆಗೇ ತೀರಿಸುತ್ತೇವೆ ಅಂದರು. ನಮಗ್ಯಾಕೆ, ನಿಮ್ಮ ಗುಂಪಿಗೇ ಕಟ್ಟಿಕೊಳ್ಳಿ ಅಂತ ಮೈರಾಡ ಹೇಳಿತು. ಒಬ್ಬರನ್ನೊಬ್ಬರು ನಂಬುವ ಹತ್ತು ಹದಿನೈದು ಜನ, ವಾರಕ್ಕೊಮ್ಮೆ ಸಭೆ, ತಮ್ಮದೇ ಪೆಟ್ಟಿಗೆ. 1987ರಲ್ಲಿ ನಬಾರ್ಡ್ ಇದಕ್ಕೆ 10 ಲಕ್ಷ ರೂಪಾಯಿ ಅನುದಾನ ಕೊಟ್ಟಿತು. ಗುಂಪುಗಳ ಉಳಿತಾಯಕ್ಕೆ ಸರಿಸಾಟಿಯಾಗಿ ಹಾಕೋಕೆ ಆ ದುಡ್ಡು. ಅದು ಹಾಳಾಗಲಿಲ್ಲ ಅಂತ ಕಂಡ ಮೇಲೆ 1992ರಲ್ಲಿ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ದೇಶಮಟ್ಟದಲ್ಲಿ ಶುರುವಾಯಿತು. ಇವತ್ತು ಊರೂರಲ್ಲಿ ಕಾಣುವ ಸ್ವಸಹಾಯ ಸಂಘಗಳ ಹಿಂದೆ ಈ 10 ಲಕ್ಷದ ಪಾಲು ದೊಡ್ಡದು.

ಆ ದುಡ್ಡು ನಿಂತದ್ದು ಹೇಗೆ? ಮೇಲಿನವರು ಯಾವ ಕೆಲಸಕ್ಕೆ ಅಂತ ಗೊತ್ತುಮಾಡಲಿಲ್ಲ. ಎಮ್ಮೆ ತಗೋ, ಹೊಲಿಗೆ ಮಷೀನ್ ತಗೋ ಅಂತ ಪಟ್ಟಿ ಕೊಡಲಿಲ್ಲ. ಯಾರಿಗೆ ಎಷ್ಟು, ಯಾವ ಬಡ್ಡಿಗೆ ಅನ್ನೋದನ್ನು ಸಂಘವೇ ತೀರ್ಮಾನಿಸಿತು. ಕಟ್ಟಿದ ಬಡ್ಡಿ ಸಂಘಕ್ಕೇ ಉಳಿಯಿತು. ವ್ಯಕ್ತಿಗೆ ಕೊಟ್ಟ ಸಹಾಯಧನ ಒಂದು ಸಲ ಖರ್ಚಾದರೆ ಮುಗಿಯಿತು, ಸಂಘದ ಸುತ್ತುನಿಧಿ ಇವತ್ತು ಒಬ್ಬರ ಮನೆಗೆ ಹೋಗಿ ಆರು ತಿಂಗಳಿಗೆ ಇನ್ನೊಬ್ಬರ ಮನೆಗೆ ಬರುತ್ತದೆ. ಮೇಲೆ ಹೇಳಿದ 12 ಸಾವಿರ ನೆನಪಿದೆಯಲ್ಲ? ಕೈಗಡ ತೀರಿಸೋಕೆ ಅಂತ ಸಂಘದಲ್ಲಿ ಸಾಲ ತಗೊಂಡವರಿಗೆ ಆಗುವ ಲಾಭ ಅದು. "ಅನುತ್ಪಾದಕ ಸಾಲ" ಅಂತ ಕೆಲವು ಅಧಿಕಾರಿಗಳು ಇದಕ್ಕೆ ಮೂಗು ಮುರಿಯುತ್ತಾರೆ. ನಮ್ಮ ಲೆಕ್ಕದಲ್ಲಿ ಇದಕ್ಕಿಂತ ಒಳ್ಳೆ ಹೂಡಿಕೆ ಆ ಮನೆಗೆ ಇಲ್ಲ.

2000-01ರಲ್ಲಿ ಬಂದ ಸ್ತ್ರೀಶಕ್ತಿ ಯೋಜನೆಯಲ್ಲಿ ಒಂದು ಸಂಘಕ್ಕೆ ಐದು ಸಾವಿರ ಸುತ್ತುನಿಧಿ ಇತ್ತು. ಈಗ ಗ್ರಾಮ ಪಂಚಾಯಿತಿಗಳಲ್ಲಿ ಸಂಜೀವಿನಿ ಇದೆ: ವಾರದ ಸಭೆ, ಉಳಿತಾಯ, ಒಳಸಾಲ, ಮರುಪಾವತಿ, ಲೆಕ್ಕ ಬರೆಯೋದು ಅನ್ನೋ ಪಂಚಸೂತ್ರ ಪಾಲಿಸಿದ ಸಂಘಕ್ಕೆ 20ರಿಂದ 30 ಸಾವಿರ ಸುತ್ತುನಿಧಿ, ಆಮೇಲೆ ಒಕ್ಕೂಟದ ಮೂಲಕ ಎರಡೂವರೆ ಲಕ್ಷದವರೆಗೆ ಸಾಲ. ನಾಲತವಾಡ ಈಗ ಪಟ್ಟಣ ಪಂಚಾಯಿತಿ. ಹಾಗಾಗಿ ಊರೊಳಗಿನ ಸಂಘದ ಹಾದಿ ಬೇರೆ, ಊರ ಹೊರಗಿನ ಹಳ್ಳಿಯ ಸಂಘದ ಹಾದಿ ಬೇರೆ. ಬೋರ್ಡು ಬದಲಾದರೆ ಅರ್ಜಿ ಕೊಡುವ ಕಚೇರಿಯೂ ಬದಲು!

ಎಲ್ಲಕ್ಕಿಂತ ಗಟ್ಟಿಯಾದ ಉದಾಹರಣೆ ಬೆಳಗಾವಿ ಜಿಲ್ಲೆಯ ಘಟಪ್ರಭಾದ್ದು. ದೇವದಾಸಿ ಪದ್ಧತಿಯನ್ನು 1982ರ ಕಾಯ್ದೆ ನಿಷೇಧಿಸಿತು. ಆದರೂ ಮುಂದೆ 1993-94 ಮತ್ತು 2007-08ರಲ್ಲಿ ಮಾಡಿದ ಸರ್ಕಾರಿ ಸಮೀಕ್ಷೆಗಳಲ್ಲಿ ಸಿಕ್ಕವರು ಒಟ್ಟು 46 ಸಾವಿರಕ್ಕೂ ಹೆಚ್ಚು. ವಿಜಯಪುರ, ಬಾಗಲಕೋಟೆ, ಬೆಳಗಾವಿ ಎಲ್ಲ ಈ ಪಟ್ಟಿಯ ಜಿಲ್ಲೆಗಳೇ. ಬಹುತೇಕ ದಲಿತ ಹೆಣ್ಣುಮಕ್ಕಳು. ತಂದೆಯ ಕಡೆಯಿಂದಾಗಲಿ ಗಂಡನ ಕಡೆಯಿಂದಾಗಲಿ ಆಸ್ತಿ ಬರುವ ದಾರಿಯೇ ಮುಚ್ಚಿಹೋದವರು. ಮಹಿಳಾ ಅಭಿವೃದ್ಧಿ ನಿಗಮ ಮತ್ತು ಮೈರಾಡ ಸೇರಿ 90ರ ದಶಕದಲ್ಲಿ ಇವರ ಸಣ್ಣ ಗುಂಪುಗಳನ್ನು ಕಟ್ಟಿದವು. 1997ರಲ್ಲಿ ಆ ಮಹಿಳೆಯರೇ ತಮ್ಮ ಸಂಸ್ಥೆ ಮಾಡಿಕೊಂಡರು: ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ, ಜನ ಕರೆಯೋದು ಮಾಸ್ ಅಂತ. ನಡೆಸುವವರೂ ಅವರೇ, ದುಡ್ಡು ಹಂಚುವವರೂ ಅವರೇ. ಅದರ ಮುಂದಾಳು ಸೀತವ್ವ ಜೋಡಟ್ಟಿ ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು. ನಮಗೆ ಪ್ರಶಸ್ತಿಗಿಂತ ದೊಡ್ಡದಾಗಿ ಕಾಣೋದು ಬೇರೆ: ಅನುದಾನ ಪಡೆಯುತ್ತಿದ್ದವರು ಅನುದಾನ ನಿಭಾಯಿಸುವವರಾದರು.

ಆದರೂ ಸಂಘದ ಪೆಟ್ಟಿಗೆಯಿಂದ ಹೊಲ ಕೊಳ್ಳೋಕೆ ಆಗೋದಿಲ್ಲ, ಇದನ್ನು ಮುಚ್ಚಿಡಬಾರದು. ವಾರಕ್ಕೆ 50 ರೂಪಾಯಿಯಂತೆ 15 ಜನ ಉಳಿಸಿದರೆ ವರ್ಷಕ್ಕೆ 39 ಸಾವಿರ. ಎಕರೆಗೆ 30 ಲಕ್ಷದ ಮುಂದೆ ಇದು ಎಲ್ಲಿ ನಿಂತೀತು? ಸಂಘ ಬಡ್ಡಿ ಉಳಿಸಿಕೊಡುತ್ತದೆ, ಧೈರ್ಯ ಕೊಡುತ್ತದೆ. ಆಸ್ತಿ ಬೇಕಂದ್ರೆ ಸರ್ಕಾರದ ದೊಡ್ಡ ಹಣವೇ ಬೇಕು. ಅದಕ್ಕೆ ಅಂತಲೇ ಅಂಬೇಡ್ಕರ್ ಅಭಿವೃದ್ಧಿ ನಿಗಮದ ಭೂ ಒಡೆತನ ಯೋಜನೆ ಇದೆ. ಭೂಮಿ ಇಲ್ಲದ ಪರಿಶಿಷ್ಟ ಜಾತಿಯ ಕೃಷಿ ಕೂಲಿ ಕುಟುಂಬಕ್ಕೆ ನಿಗಮವೇ ಹೊಲ ಖರೀದಿಸಿ ಮನೆಯ ಹೆಣ್ಣುಮಗಳ ಹೆಸರಿಗೆ ಮಾಡಿಸುತ್ತದೆ, ಅರ್ಧ ಸಹಾಯಧನ, ಅರ್ಧ ಸಾಲ. ಗಂಗಾ ಕಲ್ಯಾಣದಲ್ಲಿ ಬೋರ್‌ವೆಲ್, ಪಂಪು. ಇಂಥವಕ್ಕೆ ಹಣ ತೆಗೆದಿಡಲೇಬೇಕು ಅಂತ 2013ರ ಕಾಯ್ದೆ ಹೇಳುತ್ತದೆ: ಪರಿಶಿಷ್ಟ ಜಾತಿ, ಪಂಗಡಗಳು ಜನಸಂಖ್ಯೆಯಲ್ಲಿ ಎಷ್ಟಿವೆಯೋ ಅಷ್ಟು ಪಾಲು, ಅಂದ್ರೆ ಶೇ. 24.1. ಅದರ 7(ಡಿ) ಕಲಮು, ರಸ್ತೆಯಂಥ ಎಲ್ಲರ ಕೆಲಸಕ್ಕೆ ಹಾಕಿದ ಹಣವನ್ನೂ ಇವರ ಲೆಕ್ಕಕ್ಕೆ ಬರೆದುಕೊಳ್ಳೋಕೆ ಅವಕಾಶ ಕೊಟ್ಟಿತ್ತು. ಅದನ್ನು ತೆಗೆದುಹಾಕಲು 2023 ಬರಬೇಕಾಯಿತು, ಹತ್ತು ವರ್ಷ!

ಇನ್ನೊಂದು ಗೊಂದಲ ಬೇಡ. ಗುಂಪು ಮಾಡಿಸಿ ಸಾಲ ಕೊಡೋ ಮೈಕ್ರೋಫೈನಾನ್ಸಿಗೂ ಸಂಘಕ್ಕೂ ಹೊರಗಿನಿಂದ ನೋಡಿದರೆ ವ್ಯತ್ಯಾಸ ಕಾಣೋದಿಲ್ಲ, ಎರಡು ಕಡೆಯೂ ಹೆಣ್ಣುಮಕ್ಕಳು ಕಟ್ಟೆಯ ಮೇಲೆ ಕೂತು ಕಂತು ಕಟ್ಟುತ್ತಿರುತ್ತಾರೆ. ಬಡ್ಡಿ ಎಲ್ಲಿಗೆ ಹೋಗುತ್ತದೆ ಅಂತ ಕೇಳಿ, ತಿಳಿಯುತ್ತದೆ. ಒಂದರಲ್ಲಿ ಪೆಟ್ಟಿಗೆಗೇ ವಾಪಸ್ಸು, ಇನ್ನೊಂದರಲ್ಲಿ ಕಂಪನಿಗೆ. ವಸೂಲಿ ಕಿರುಕುಳ ತಾಳಲಾರದೆ ಜನ ಊರು ಬಿಟ್ಟ ಸುದ್ದಿ ಸಾಲುಸಾಲಾಗಿ ಬಂದ ಮೇಲೆ 2025ರ ಫೆಬ್ರವರಿಯಲ್ಲಿ ರಾಜ್ಯ ಸುಗ್ರೀವಾಜ್ಞೆ ತರಬೇಕಾಯಿತು.

ಇದರಲ್ಲಿ ನಮ್ಮ ಪಾತ್ರ ಏನು ಅಂತ ಕೇಳಬಹುದು. ನಾಳೆ ನಮ್ಮಲ್ಲಿ ಬಹಳ ಜನ ಕಂಪನಿ ಸೇರುತ್ತೇವೆ. 2013ರ ಕಂಪನಿ ಕಾಯ್ದೆಯ 135ನೇ ಕಲಮಿನಂತೆ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ. 2ನ್ನು ಸಮಾಜದ ಕೆಲಸಕ್ಕೆ ಕೊಡಬೇಕು. ಹಿಂದುಳಿದ ಗುಂಪುಗಳ ಅಸಮಾನತೆ ಕಡಿಮೆ ಮಾಡೋದೂ ಆ ಪಟ್ಟಿಯಲ್ಲಿದೆ. ನಮ್ಮ ದೇಶದಲ್ಲಿ ಸಮುದಾಯ ಪ್ರತಿಷ್ಠಾನದ ಜಾಗದಲ್ಲಿ ನಿಲ್ಲಬಹುದಾದ ದುಡ್ಡು ಇದು. ಆದರೆ 2021ರ ಏಪ್ರಿಲ್‌ನಿಂದ ಈ ಹಣ ಪಡೆದು ಕೆಲಸ ಮಾಡುವ ಸಂಸ್ಥೆಗಳು ಮೊದಲು ಕೇಂದ್ರದ ಕಂಪನಿ ವ್ಯವಹಾರಗಳ ಇಲಾಖೆಯಲ್ಲಿ ನೋಂದಾಯಿಸಬೇಕು, ಅದಕ್ಕೆ ಟ್ರಸ್ಟೋ ನೋಂದಾಯಿತ ಸೊಸೈಟಿಯೋ ಆಗಿರಬೇಕು. ಹದಿನೈದು ಜನರ ಸಂಘಕ್ಕೆ ಇದು ಆಗದ ಮಾತು. ಹೀಗಾಗಿ ದುಡ್ಡು ಚಂದದ ವರದಿ ಬರೆಯಬಲ್ಲ ನಗರದ ಸಂಸ್ಥೆಗಳ ಕಡೆಗೇ ವಾಲುತ್ತದೆ. ಸಂಘಗಳು ಒಕ್ಕೂಟವಾಗಿ ನೋಂದಣಿ ಆದರೆ, ಮೂರು ವರ್ಷದ ಲೆಕ್ಕಪತ್ರ ಆಡಿಟ್ ಆಗಿದ್ದರೆ ಬಾಗಿಲು ತೆರೆಯುತ್ತದೆ. ಲೆಕ್ಕದ ಪುಸ್ತಕವನ್ನು ಎಕ್ಸೆಲ್ಲಿಗೆ ಏರಿಸೋದು, ಠರಾವು ಬರೆಯೋಕೆ ಕೈಜೋಡಿಸೋದು, ಅರ್ಜಿಯ ಇಂಗ್ಲಿಷನ್ನು ಕನ್ನಡದಲ್ಲಿ ಓದಿ ಹೇಳೋದು ಎರಡನೇ ಸೆಮಿಸ್ಟರಿನವರಿಗೂ ಬರುವ ಕೆಲಸ. ಈ ಬೇಸಿಗೆ ರಜೆಗೆ ಊರಿಗೆ ಹೋಗುವ ಮುದ್ದೇಬಿಹಾಳ, ಸಿಂದಗಿ, ಇಂಡಿ, ಬಾಗೇವಾಡಿ ಕಡೆಯ ಗೆಳೆಯರು ಯಾರಾದರೂ ಸಂಘದ ಸಭೆ ಇರುವ ದಿನ ಕೇಳಿಕೊಂಡು ಬನ್ನಿ, ಬಳಗದಿಂದ ನಾಲ್ಕು ಜನ ಜೊತೆಗೆ ಬರುತ್ತೇವೆ.