ಆಟವಲ್ಲ, ಕೂಟ

ಮಳೆಗಾಲದ ಒಂದು ಶನಿವಾರ ಸಂಜೆ ಅಲೆವೂರಿನ ನಮ್ಮ ಮನೆ ಜಗಲಿಯಲ್ಲಿ ನಾಲ್ವರು ಚಾಪೆ ಹಾಸಿ ಕೂತಿದ್ದೆವು. ನಡುವೆ ಪೆನ್ಸಿಲು, ಒಂದಷ್ಟು ಹಾಳೆ, 20 ಮುಖದ ಒಂದು ದಾಳ. ಚಹಾ ತಂದ ಅತ್ತೆ ದಾಳ ಕಂಡು ಅಲ್ಲೇ ನಿಂತರು. "ಎಂತ ಮಾರಾಯ ಇದು, ಜುಗಾರಿಯಾ?"

ಜುಗಾರಿಯಲ್ಲ. ರೋಲ್‌ಪ್ಲೇಯಿಂಗ್ ಗೇಮಿನಲ್ಲಿ ಹಣ ಕಟ್ಟುವುದಿಲ್ಲ, ಗೆದ್ದವರು ಸೋತವರು ಎಂದೂ ಇಲ್ಲ. ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಮಾತಾಡುತ್ತಾರೆ; ಉಳಿದ ಲೋಕವನ್ನೆಲ್ಲ ಆಟ ನಡೆಸುವ ಗೇಮ್ ಮಾಸ್ಟರ್ ನೋಡಿಕೊಳ್ಳುತ್ತಾನೆ. ಕೈಗೂಡುತ್ತದೋ ಇಲ್ಲವೋ ಎಂಬಲ್ಲಿ ಮಾತ್ರ ದಾಳ. "ತಾಳಮದ್ದಳೆ ಇದ್ದ ಹಾಗೆ" ಎಂದೆ. "ಭಾಗವತರು ಯಾರು?" ಎಂದರು. ನಾನೇ. ನಮ್ಮಲ್ಲಿ ಆಟವೆಂದರೆ ಯಕ್ಷಗಾನ ಬಯಲಾಟ. ವೇಷವಿಲ್ಲದೆ ಕೂತು ಅರ್ಥ ಹೇಳುವ ತಾಳಮದ್ದಳೆ ಕೂಟ. ಹೆಸರು ಗೇಮ್ ಎಂದಿದ್ದರೂ ಇದು ಕೂಟದ ಜಾತಿ.

ಕಥೆಯನ್ನು ಪೂರ್ತಿ ಬರೆದಿಟ್ಟುಕೊಂಡೇ ಕೂರಬೇಕೆಂಬುದು ನನ್ನದೇ ತಪ್ಪು ಕಲ್ಪನೆಯಾಗಿತ್ತು. 12 ಪುಟ ಬರೆದಿದ್ದೆ: ಹೊಳೆ ನಡುವಿನ ಕುದ್ರು, ಅಲ್ಲೊಂದು ಪಾಳುಬಿದ್ದ ಗುತ್ತಿನ ಮನೆ, ಚಾವಡಿಯಡಿ ಸುರಂಗ. ಶುರುವಾಗಿ ಹತ್ತು ನಿಮಿಷಕ್ಕೆ ಭಾವ ದೋಣಿಯವನೊಡನೆ ಬಾಡಿಗೆ ಚರ್ಚೆಗೆ ಕೂತರು. ಆ ದೋಣಿಯವನಿಗೆ ನಾನು ಹೆಸರೂ ಇಟ್ಟಿರಲಿಲ್ಲ. ಮೂರು ಸಲ ಎಲ್ಲರನ್ನೂ ಸುರಂಗದ ಕಡೆ ಎಳೆದೆ, ಮೂರು ಸಲವೂ ಜಗಲಿ ತಣ್ಣಗಾಯಿತು. ಕೊನೆಗೆ ಕೈಬಿಟ್ಟೆ. ರಾತ್ರಿ ಹನ್ನೊಂದಾದರೂ ಯಾರೂ ಕುದ್ರು ಮುಟ್ಟಲಿಲ್ಲ. ದೋಣಿಯವನ ಮಗ ಮನೆಬಿಟ್ಟು ಹೋದದ್ದು ಯಾಕೆ ಎಂಬುದೇ ಕಥೆಯಾಗಿತ್ತು.

ಕೂಟ ಕೇಳಿ ಬೆಳೆದವನಿಗೆ ಇದು ಮೊದಲೇ ಹೊಳೆಯಬೇಕಿತ್ತು. ವಾಲಿವಧೆಯಲ್ಲಿ ವಾಲಿ ಸಾಯುತ್ತಾನೆಂದು ಎಲ್ಲರಿಗೂ ಗೊತ್ತು. ಆದರೆ ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ ಎಂದು ಅವನು ರಾಮನನ್ನು ಕೇಳುವಾಗ ಅರ್ಥಧಾರಿಯ ಕೈಯಲ್ಲಿ ಬರೆದ ಮಾತಿರುವುದಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ಹೆಸರಾದದ್ದೇ ಹೀಗೆ ಸ್ಥಳದಲ್ಲೇ ಹುಟ್ಟಿದ ಮಾತಿಗೆ. ಕೂಟದಲ್ಲಿ ಪ್ರಸಂಗ ಕೊನೆಯನ್ನಾದರೂ ಕಟ್ಟಿಡುತ್ತದೆ, ಇಲ್ಲಿ ಕೊನೆಯೂ ಬಿಟ್ಟದ್ದೇ. ಹಾಗಾಗಿ ಒಂದು ಜಾಗ, ಅಲ್ಲಿ ಮೂರು ಜನ, ಅವರಲ್ಲಿ ಯಾರಿಗೆ ಏನು ಬೇಕು, ಇಷ್ಟು ಬರೆದುಕೊಂಡರೆ ಧಾರಾಳ. ಉಳಿದದ್ದು ಕಿವಿಯ ಕೆಲಸ. ವಾದ ಎಳೆಯತೊಡಗಿದರೆ ಭಾಗವತರು ಮುಂದಿನ ಪದ್ಯ ಎತ್ತುತ್ತಾರಲ್ಲ, ಹಾಗೆ ಬಾಡಿಗೆ ಚರ್ಚೆ ಮುಗಿಯದಾದಾಗ ನಾನೆಂದೆ: "ಅಷ್ಟರಲ್ಲಿ ದೋಣಿಯ ತಳದಲ್ಲಿ ನೀರು ಒಸರತೊಡಗಿತು."

ನಿಯಮವೆಲ್ಲ ಬಾಯಿಪಾಠ ಬೇಕೆಂಬ ಹೆದರಿಕೆ ಬರುವುದು ಪುಸ್ತಕದ ದಪ್ಪ ನೋಡಿ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ತಂದಾಗ ಅದು ಮೂರು ತೆಳು ಪುಸ್ತಿಕೆ. ಈಗಿನ ದಪ್ಪದಲ್ಲಿ ಬಹುಪಾಲು ಮಂತ್ರಗಳ, ರಾಕ್ಷಸರ ಪಟ್ಟಿ. ತಿರುಳು ಇಷ್ಟೆ: ನಡೆಸುವವನು ಒಂದು ಸಂಖ್ಯೆ ಹೇಳುತ್ತಾನೆ, ಆಡುವವನು ದಾಳ ಹಾಕಿ ತನ್ನ ಪಾತ್ರದ ಕೌಶಲ ಕೂಡಿಸುತ್ತಾನೆ, ಮುಟ್ಟಿದರೆ ಆಯಿತು. ಸಂಖ್ಯೆ 15 ಆದರೆ ಬರೀ ದಾಳಕ್ಕೆ ಶೇ. 30 ಅವಕಾಶ, ಕೌಶಲ 3 ಇದ್ದರೆ ಶೇ. 45. ಮರೆತ ನಿಯಮಕ್ಕೆ ಆ ಹೊತ್ತಿಗೆ ತೋಚಿದ್ದು ಹೇಳಿ, ನಾಳೆ ಪುಸ್ತಕ ನೋಡಿದರಾಯಿತು. ದುಡ್ಡೂ ಬೇಡ: ಐದನೇ ಆವೃತ್ತಿಯ ಮೂಲ ನಿಯಮಗಳನ್ನು 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಟ್ಟುಕೊಟ್ಟಿದ್ದಾರೆ, ದಾಳ ಫೋನಿನಲ್ಲೂ ಉರುಳುತ್ತದೆ.

ನಡೆಸುವವನು ಎದುರಾಳಿ ಎಂದುಕೊಳ್ಳುವುದು ಇನ್ನೊಂದು ತಪ್ಪು ಕಲ್ಪನೆ. ಮಣಿಪಾಲದಲ್ಲಿ ಓದುವ ಅಕ್ಕನ ಮಗ ತೆಂಗಿನಮರ ಹತ್ತಲು ದಾಳ ಹಾಕಿದ, 4 ಬಿತ್ತು. "ಆಗಲಿಲ್ಲ" ಎಂದುಬಿಟ್ಟೆ. ಕಥೆ ಅಲ್ಲೇ ಕೂತಿತು. ಹತ್ತಿದ, ಆದರೆ ಒಣ ಮಡಲು ಜಾರಿ ಬಿದ್ದು ಕೆಳಗಿನ ನಾಯಿ ಎದ್ದಿತು ಎನ್ನಬೇಕಿತ್ತು.

ಇಂಗ್ಲಿಷ್ ಬೇಕೇ ಬೇಕು ಎನ್ನುವವರು ನಮ್ಮ ಭಾವನನ್ನು ನೋಡಬೇಕು. ಇಂಗ್ಲಿಷಿನಲ್ಲಿ ಬಾಡಿಗೆ ಇಳಿಸಲು ಹೋಗಿ ಸೋತು, ತುಳುವಿಗೆ ಬಂದ ಮೇಲೆ ಅರ್ಧಕ್ಕೆ ತಂದರು.

ಮುಂದಿನ ಶನಿವಾರ ಅತ್ತೆ ಚಹಾದ ತಟ್ಟೆ ಇಟ್ಟವರು ಹೋಗಲಿಲ್ಲ. "ದೋಣಿಯವನ ಮಗ ಸಿಕ್ಕಿದನಾ?" ಎಂದರು. ಇಲ್ಲ ಎಂದೆವು. "ಬೊಂಬಾಯಿಯಲ್ಲಿ ಹೋಟೆಲಿಗೆ ಸೇರಿರ್ತಾನೆ, ಮತ್ತೆಂತ?" ಹಾಳೆಯಲ್ಲಿ ಹಾಗೆಯೇ ಬರೆದುಕೊಂಡೆ.