ಹನಿಗತೆಯೂ ಕತೆಯೇ?

ಈಚೆಗೆ ಧಾರವಾಡದ ಕಡೆಯ ಬಂಧುಗಳ ಮನೆಯಲ್ಲಿ ನಾವು ಒಂದು ರಾತ್ರಿ ತಂಗಿದ್ದೆವು. ಪ್ರಸಾದವಾದ ಮೇಲೆ ಕಾಲೇಜಿಗೆ ಹೋಗುವ ಮೊಮ್ಮಗನು ಮೊಬೈಲಿನಲ್ಲಿ ಬಂದ ಕತೆಯೊಂದನ್ನು ಎಂಬತ್ತು ದಾಟಿದ ಅಜ್ಜಿಗೆ ಓದಿ ಹೇಳಿದನು. ಕೂಸಿನ ಪಾದರಕ್ಷೆಗಳು ಮಾರಾಟಕ್ಕಿವೆ, ಅವನ್ನು ಒಮ್ಮೆಯೂ ಮೆಟ್ಟಿಲ್ಲ ಎಂಬ ಜಾಹೀರಾತು, ಇಷ್ಟೇ ಕತೆ. ಅಜ್ಜಿಯವರು ಕಾದರು.

"ಆಮ್ಯಾಲೆ?"

"ಮುಗೀತಲ್ಲ ಅಜ್ಜಿ."

"ಇದು ಸುದ್ದಿ ಆತಪಾ. ಕತಿ ಎಲ್ಲಾತು?"

ಎಲ್ಲರೂ ನಕ್ಕರು. ಆದರೆ ಆ ಪ್ರಶ್ನೆ ನಕ್ಕು ತಳ್ಳಿಹಾಕುವಂತಹುದಲ್ಲ.

ಕತೆ ಕೇಳುವವರು ಹೂಂಗುಟ್ಟಬೇಕೆಂಬುದು ನಮ್ಮ ಮನೆಗಳ ಹಳೆಯ ಕಟ್ಟಳೆ. ಹೂಂಗುಟ್ಟುವುದು ನಿಂತಿತೆಂದರೆ ಮಗು ನಿದ್ದೆಹೋಯಿತೆಂದು ಹೇಳುವವರು ತಿಳಿಯುತ್ತಿದ್ದರು. ರಾಜಕುಮಾರನು ಏಳು ಬೆಟ್ಟಗಳನ್ನು ದಾಟುವಾಗ ಕೇಳುವವರೂ ಅವನ ಜೊತೆಯಲ್ಲಿಯೇ ದಾಟುತ್ತಿದ್ದರು. ಆರೇಳು ಪದಗಳ ಕತೆಯಲ್ಲಿ ಹೂಂಗುಟ್ಟಲು ಎಡೆಯೆಲ್ಲಿ? ಅಜ್ಜಿಯವರ ಆಕ್ಷೇಪಣೆಯ ತಿರುಳು ಇದೇ ಎಂದು ನಮಗೆ ತೋರಿತು.

ಮೊಮ್ಮಗನು ಓದಿದ ಕತೆ ಇಂಗ್ಲಿಷಿನಲ್ಲಿ ಆರೇ ಪದಗಳದು. ಅಮೆರಿಕದ ಅರ್ನೆಸ್ಟ್ ಹೆಮಿಂಗ್ವೆಯವರು ಪಂದ್ಯ ಕಟ್ಟಿ ಅದನ್ನು ಬರೆದರೆಂದು ಹೇಳುವುದುಂಟು. ಅದಕ್ಕೆ ಆಧಾರವಿಲ್ಲ. ಅವರು ತೀರಿಕೊಂಡುದು 1961ರಲ್ಲಿ. ಅವರ ಹೆಸರು ಈ ಕತೆಗೆ ಅಂಟಿಕೊಂಡು ಪ್ರಚಾರವಾದುದು 1990ರ ದಶಕದಿಂದೀಚೆಗೆ. ಅಂತಹುದೇ ಜಾಹೀರಾತಿನ ಮಾತು 20ನೆಯ ಶತಮಾನದ ಆರಂಭದಲ್ಲಿಯೇ ಅಲ್ಲಿನ ಪತ್ರಿಕೆಗಳಲ್ಲಿ ಬಂದಿತ್ತು. ಆಗ ಹೆಮಿಂಗ್ವೆ ಇನ್ನೂ ಬಾಲಕ. ಆರು ಪದಗಳ ಕತೆಯೂ ಲೋಕದಲ್ಲಿ ಬಾಳಬೇಕಾದರೆ ಅದರ ಹಿಂದೆ ಒಂದು ಉದ್ದನೆಯ ಕಟ್ಟುಕತೆ ಬೇಕಾಯಿತು ನೋಡಿ!

ಹಾಗೆಂದು ಕಿರಿದೆಲ್ಲವೂ ಹುಡುಗಾಟವೆನ್ನಲಾಗದು. ಮಾಸ್ತಿಯವರು 1920ರಲ್ಲಿ ತಮ್ಮ ಮೊದಲ ಸಂಕಲನವನ್ನು 'ಕೆಲವು ಸಣ್ಣ ಕತೆಗಳು' ಎಂದೇ ಕರೆದರು. ಜಪಾನಿನ ಯಾಸುನಾರಿ ಕವಾಬಾಟ ಅವರು ಇನ್ನೂ ಮುಂದೆ ಹೋದರು. 1968ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಈ ಕಾದಂಬರಿಕಾರರು, 1920ರ ದಶಕದಿಂದ ಮೊದಲುಗೊಂಡು ನೂರಕ್ಕೂ ಮಿಕ್ಕಿ 'ಅಂಗೈ ಕತೆ'ಗಳನ್ನು ಬರೆದರು. ಅಂಗೈಯಲ್ಲಿ ಹಿಡಿಸುವಷ್ಟು, ಒಂದೆರಡು ಪುಟದವೇ ಹೆಚ್ಚು. ತಾವು ಕಾಲವಾದ 1972ರಲ್ಲಿ ಅವರು ತಮ್ಮ ಪ್ರಸಿದ್ಧ ಕಾದಂಬರಿ 'ಹಿಮದ ನಾಡು' ಕೃತಿಯನ್ನೇ ಕೆಲವು ಪುಟಗಳ ಅಂಗೈ ಕತೆಯಾಗಿ ಇಳಿಸಿದರು. ವರ್ಷಗಟ್ಟಲೆ ತಿದ್ದಿ ಬೆಳೆಸಿದ ಕೃತಿಯನ್ನು ಮುಪ್ಪಿನಲ್ಲಿ ತಾವೇ ಕೈಯಾರೆ ಕಿರಿದುಗೊಳಿಸುವುದು ಸೋಮಾರಿಯ ಕೆಲಸವಲ್ಲ. ಉರ್ದುವಿನ ಸಾದತ್ ಹಸನ್ ಮಂಟೋ 1948ರ 'ಸಿಯಾ ಹಾಶಿಯೆ'ಯಲ್ಲಿ ದೇಶವಿಭಜನೆಯ ಕೊಲೆ ಸುಲಿಗೆಗಳನ್ನು ಕೆಲವೇ ಸಾಲುಗಳ ತುಣುಕುಗಳಲ್ಲಿ ಹೇಳಿದರು. ಅಲ್ಲಿ ಉದ್ದನೆಯ ವರ್ಣನೆ ಬಂದಿದ್ದರೆ ಓದುವವರಿಗೆ ಸಮಾಧಾನ ಮಾಡಿಕೊಳ್ಳಲು ಸಮಯ ಸಿಕ್ಕಿಬಿಡುತ್ತಿತ್ತು. 2013ರ ಮ್ಯಾನ್ ಬುಕರ್ ಅಂತರರಾಷ್ಟ್ರೀಯ ಪ್ರಶಸ್ತಿಯ ಅಂತಿಮ ಪಟ್ಟಿಯಲ್ಲಿ ನಮ್ಮ ಯು.ಆರ್. ಅನಂತಮೂರ್ತಿಯವರಿದ್ದರು, ಪ್ರಶಸ್ತಿ ಪಡೆದವರು ಒಂದೆರಡು ಸಾಲಿನ ಕತೆಗಳಿಗೂ ಹೆಸರಾದ ಅಮೆರಿಕದ ಲಿಡಿಯಾ ಡೇವಿಸ್.

ನಮ್ಮ ತಕರಾರು ಬೇರೆಯೇ ಇದೆ. ಮೊಬೈಲಿನಲ್ಲಿ ದಿನವೂ ಬರುವ ಹನಿಗತೆಗಳಲ್ಲಿ ಬಹುಪಾಲು ನಗೆಹನಿಗಳು ಅಥವಾ ನೀತಿವಾಕ್ಯಗಳು. ಕೊನೆಯ ಸಾಲಿನ ತಿರುವು ಕಳಚಿದರೆ ಒಳಗೆ ಮನುಷ್ಯರೇ ಇರುವುದಿಲ್ಲ. ಕಿರಿದಾದ ಮಾತಿನ ಬೆಲೆ ನಮಗೆ ಯಾರೂ ಕಲಿಸಬೇಕಿಲ್ಲ. ವಚನಗಳನ್ನು ಕಂಠಪಾಠ ಮಾಡಿ ಬೆಳೆದವರು ನಾವು. ಆದರೆ ವಚನವನ್ನು ಕತೆಯೆಂದು ಯಾರೂ ಕರೆಯಲಿಲ್ಲ. ಅನುಭಾವದ ನುಡಿ ಬೇರೆ, ಕಥನ ಬೇರೆ. ಕತೆಯಾಗಬೇಕಾದರೆ ಒಬ್ಬರ ಬಾಳಿನಲ್ಲಿ ನಿನ್ನೆ ಇದ್ದುದು ಇಂದು ಇಲ್ಲವಾಗಿರಬೇಕು, ಇಲ್ಲವೆ ಇಲ್ಲದುದು ಬಂದಿರಬೇಕು. ಆ ನಿನ್ನೆಯನ್ನು ಬರೆದವರು ಹೇಳದಿದ್ದರೂ ಚಿಂತೆಯಿಲ್ಲ, ಕೇಳಿದವರಿಗೆ ಅದು ಕಾಣಿಸಬೇಕು. ಹಾಗೆ ಕಾಣಿಸುವ ಹನಿಗತೆ ನೂರಕ್ಕೊಂದು ದೊರೆತರೂ ಹೆಚ್ಚು.

ಮರುದಿನ ಬೆಳಗಿನ ಜಾವ ನಾವು ಹೊರಡಲು ಅಣಿಯಾಗುತ್ತಿದ್ದೆವು. ಅಜ್ಜಿಯವರು ಪೂಜೆಗೆ ಹೂ ಬಿಡಿಸಿಕೊಂಡು ಬಂದವರು, ಇನ್ನೂ ಕಣ್ಣುಜ್ಜುತ್ತಿದ್ದ ಮೊಮ್ಮಗನ ಬಳಿ ನಿಂತು ಮೆಲ್ಲನೆ ಕೇಳಿದರು: "ತಮ್ಮಾ, ಆ ಕೂಸಿನ ಅವ್ವ ಈಗ ಹ್ಯಾಂಗದಾಳೋ?"